ಇಲಿ ತಿಂದ ಅರ್ಥ

"ಅದು ಗಂಡಸರ ಮಷೀನು. ಹೆಂಗಸರದ್ದು ಪರದೆಯ ಆಚೆ ಉಂಟು."

ಹಾಜರಿ ಪುಸ್ತಕದಿಂದ ತಲೆ ಎತ್ತದೆಯೇ ಚೆನ್ನಯ ಮಾಸ್ತರ ಹೇಳಿದ.

ಕಿಟಕಿ ಪಕ್ಕದ ಮಷೀನಿನ ಮುಂದೆ ಕೂತಿದ್ದ ಹುಡುಗಿ ಏಳಲಿಲ್ಲ!

"ಮಷೀನಿಗೆ ಗಂಡು-ಹೆಣ್ಣು ಯಾವಾಗಿಂದ ಶುರು ಆತ್ರೀ, ಮಾಸ್ತರ?"

ಟಕಟಕ ಎನ್ನುತ್ತಿದ್ದ ಕೋಣೆ ಗಪ್ಪನೆ ನಿಂತಿತು. ಹತ್ತು ಹನ್ನೆರಡು ಜೋಡಿ ಕಣ್ಣುಗಳು ಅವಳತ್ತ ತಿರುಗಿದವು.

ಸಾವಿರದ ಒಂಬೈನೂರ ಐವತ್ತನಾಲ್ಕರ ಜೂನ್ ತಿಂಗಳು. ಪರೇಲಿನ ಗಿರಣಿ ಚಾಳುಗಳ ನಡುವೆ, ಒಂದು ಕಿರಾಣಿ ಅಂಗಡಿಯ ಮಾಳಿಗೆಯ ಮೇಲೆ ಕನ್ನಡದವರು ಸೇರಿ ನಡೆಸುತ್ತಿದ್ದ ಟೈಪಿಂಗ್ ಕ್ಲಾಸು ಅದು. ಬೆಳಿಗ್ಗೆ ಏಳಕ್ಕೆ ಗಿರಣಿಯ ಭೋಂಗಾ ಕೂಗಿತೆಂದರೆ ಇಲ್ಲಿ ಬೆರಳುಗಳ ಓಟ ಶುರು. ಹೆಣ್ಣುಮಕ್ಕಳು ಬಂದರೆ ಇರಲಿ ಎಂದು ಮೂಲೆಯಲ್ಲೊಂದು ಪರದೆ, ಪರದೆಯ ಹಿಂದೆ ಒಂದು ಮುದಿ ಮಷೀನು.

"ಅಲ್ಲಿ ಹೋಗಿ ನೋಡೇ ಬಂದೀನ್ರಿ. ಆ ಮಷೀನಿನ್ಯಾಗ 'ಇ' ಅಕ್ಷರ ಬೀಳಂಗಿಲ್ಲ. 'ಇ' ಇಲ್ಲದ ಇಂಗ್ಲಿಷು ಅಂದ್ರ ಉಪ್ಪಿಲ್ಲದ ಸಾರು. ನಾ ಅದನ್ನ ಕಲ್ತು ಏನ ಮಾಡ್ಲಿ?"

ಹಿಂದಿನ ಸಾಲಿನಿಂದ ಸಂಗಪ್ಪ ನಕ್ಕ. ಬೆಳಗಾವಿ ಕಡೆಯವನು, ಬಾಯಿ ಜೋರು. "ಹೆಣಮಕ್ಕಳಿಗೆ ಅಷ್ಟ ಸಾಕು ಬಿಡವಾ ತಂಗಿ. 'ಇ' ಒಂದು ಇಲ್ಲಂದ್ರ ಏನಾತು?"

"ನಿನ್ನ ಹೆಸರೇನಣ್ಣ?"

"ಸಂಗಪ್ಪ."

ಹುಡುಗಿ ಬೆರಳು ಮಡಚಿ ಒಂದೊಂದೇ ಇಂಗ್ಲಿಷ್ ಅಕ್ಷರ ಎಣಿಸಿದಳು. "ನಿನ್ನ ಹೆಸರಿನ್ಯಾಗ 'ಇ' ಇಲ್ಲ ನೋಡು. ಆ ಮಷೀನು ನಿನಗ ಹೇಳಿ ಮಾಡಿಸಿದಂಗ ಐತಿ. ಹೋಗಿ ಕುಂದ್ರು!"

ಕೋಣೆಗೆ ಕೋಣೆಯೇ ನಕ್ಕಿತು.

ಈಗ ಚೆನ್ನಯ ತಲೆ ಎತ್ತಿದ. ಇಳಕಲ್ ಸೀರೆ, ಬಿಗಿದು ಹೆಣೆದ ಜಡೆ, ನೆಟ್ಟ ನೋಟ. ಮಷೀನಿನ ಎರಡೂ ಬದಿಯನ್ನು ಕೈಯಲ್ಲಿ ಹಿಡಿದು ಕೂತಿದ್ದಾಳೆ, ಯಾರೋ ಎತ್ತಿಕೊಂಡು ಹೋಗಿಬಿಡುತ್ತಾರೆ ಎಂಬ ಹಾಗೆ!

"ಹೆಸರು?"

"ದಾನವ್ವ."

ಅವನು ಬರೆದುಕೊಂಡ. ಬರೆದದ್ದನ್ನು ನೋಡಿ ತುಟಿಯಂಚಿನಲ್ಲಿ ನಗು ಬಂತು. "ನಿಮ್ಮ ಹೆಸರಲ್ಲೂ 'ಇ' ಇಲ್ಲವಲ್ಲ!"

"ಗೊತ್ತೈತ್ರಿ. ಅದಕ್ಕ ಗಳಿಸಾಕ ಬಂದೀನಿ."

ಚೆನ್ನಯ ಹಾಜರಿ ಪುಸ್ತಕ ಮುಚ್ಚಿದ. "ಕೂತ್ಕೊಳ್ಳಿ" ಎಂದಷ್ಟೇ ಹೇಳಿದ.

ಎಂಟು ದಿನದಲ್ಲಿ ಆ ಪರದೆಯೇ ಮಷೀನು ಒರೆಸುವ ಬಟ್ಟೆಯಾಯಿತು.

*

ಆ ಕ್ಲಾಸಿನಲ್ಲಿ ಒಂದು ಪದ್ಧತಿಯಿತ್ತು. ದಿನಾ ಬೋರ್ಡಿನ ಮೇಲೆ ಚೆನ್ನಯ ಒಂದು ಇಂಗ್ಲಿಷ್ ಶಬ್ದ ಬರೆಯುತ್ತಿದ್ದ. ಅದರ ಅರ್ಥ ಹೇಳಿ ಸುಮ್ಮನಾಗುವ ಜಾತಿಯವನಲ್ಲ ಅವನು. ಅದು ಹುಟ್ಟಿದ್ದೆಲ್ಲಿ, ಬೆಳೆದದ್ದೆಲ್ಲಿ, ಎಲ್ಲ ಹೇಳಬೇಕು.

"ಶಬ್ದಕ್ಕೂ ಒಂದು ಊರು ಉಂಟು, ಅಪ್ಪ ಅಮ್ಮ ಉಂಟು. ನಾವೆಲ್ಲ ಊರು ಬಿಟ್ಟು ಬೊಂಬಾಯಿಗೆ ಬಂದ ಹಾಗೆ ಅವೂ ಲ್ಯಾಟಿನು, ಗ್ರೀಕು ಬಿಟ್ಟು ಇಂಗ್ಲಿಷಿಗೆ ಬಂದವು."

"ಬಂದ ಮ್ಯಾಲೆ ನಮ್ಮಂಗ ಚಾಳಿನ್ಯಾಗ ಇರ್ತಾವೇನ್ರಿ?" ಎಂದು ದಾನವ್ವ ಕೇಳಿದ್ದಳು.

"ಇಲ್ಲದೆ ಮತ್ತೆ! ಅದೇ ಡಿಕ್ಷನರಿ."

ಅವನ ಡಿಕ್ಷನರಿಯದೂ ಒಂದು ಕಥೆ. ಹನ್ನೆರಡನೇ ವರ್ಷಕ್ಕೆ ಉಡುಪಿ ಕಡೆಯಿಂದ ಬಂದು ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದವನು ಚೆನ್ನಯ. ಫುಟ್‌ಪಾತಿನಲ್ಲಿ ಸಿಕ್ಕ, ರಟ್ಟೂ ಇಲ್ಲದ ಮೊದಲ ಪುಟಗಳೂ ಇಲ್ಲದ ಒಂದು ಓಬೀರಾಯನ ಕಾಲದ ಡಿಕ್ಷನರಿಯೇ ಅವನ ಶಾಲೆ, ಅವನ ಗುರು. ಅದನ್ನು ಹೋಟೆಲಿನ ಉಗ್ರಾಣದಲ್ಲಿ ಅಕ್ಕಿ ಮೂಟೆಗಳ ಸಂದಿಯಲ್ಲಿ ಇಡುತ್ತಿದ್ದ.

"ಅಲ್ಲಿ ಇಲಿಗಳೂ ನನ್ನ ಜೊತೆ ಇಂಗ್ಲಿಷು ಕಲಿತವು. ಅವು ತಿಂದಷ್ಟು ತಿಂದು ಉಳಿಸಿದ್ದು ನನ್ನ ಪಾಲು" ಎಂದು ನಗುತ್ತಿದ್ದ.

ಒಂದು ದಿನದ ಶಬ್ದ 'ಕಂಪ್ಯಾನಿಯನ್'.

"ಸಂಗಾತಿ ಅಂತ ಅರ್ಥ. ಮೂಲದಲ್ಲಿ ಏನು ಗೊತ್ತುಂಟಾ? ಒಟ್ಟಿಗೆ ರೊಟ್ಟಿ ತಿನ್ನುವವರು."

ಮರುದಿನ ಬೆಳಿಗ್ಗೆ ಮಾಸ್ತರನ ಮೇಜಿನ ಮೇಲೆ ಬಟ್ಟೆಯಲ್ಲಿ ಸುತ್ತಿದ ಗಂಟೊಂದಿತ್ತು. ಬಿಚ್ಚಿದರೆ ಎರಡು ಜೋಳದ ರೊಟ್ಟಿ, ಮೇಲೆ ಶೇಂಗಾ ಚಟ್ನಿಪುಡಿ!

"ಇದೆಂತ?"

"ರೊಟ್ಟಿ ಅಂತಾರ್ರಿ ಇದಕ್ಕ. ನಿಮ್ಮ ಹೋಟೆಲಿನ ಇಡ್ಲಿ ತಿಂದು ತಿಂದು ಮರತಿರಬೇಕು."

ಅವನು ಒಂದು ರೊಟ್ಟಿ ತೆಗೆದುಕೊಂಡು ಇನ್ನೊಂದನ್ನು ಅವಳ ಕಡೆ ಸರಿಸಿದ. ನಿನ್ನೆಯ ಶಬ್ದ ಇಬ್ಬರಿಗೂ ನೆನಪಿತ್ತು... ರೊಟ್ಟಿ ಮುರಿಯುವ ಸದ್ದೇ ದೊಡ್ಡದಾಗಿ ಕೇಳಿಸಿತು.

*

ದಾನವ್ವನ ಅಪ್ಪ ಶೆಟ್ಟೆಪ್ಪ ವಿಜಾಪುರದ ಕಡೆ ಕುರಿ ಕಾಯ್ದವನು. ಈಗ ಪರೇಲಿನ ಗಿರಣಿಯಲ್ಲಿ ಮಗ್ಗದ ಮುಂದೆ ನಿಲ್ಲುತ್ತಾನೆ. ಅವ್ವ ಇಲ್ಲದ ಮನೆ. ಅಪ್ಪನ ಅಕ್ಕ ಅಂಬವ್ವನದೇ ಅಡುಗೆ, ಅವಳದೇ ಆಡಳಿತ.

"ಊರಾಗ ನನ್ನ ಮೈದುನ ಅದಾನ. ಹೊಲ ಐತಿ, ನಾಕು ಎಮ್ಮಿ ಅದಾವ. ನಮ್ಮ ಮಂದಿ, ನಮ್ಮ ಪೈಕಿ. ಈಕಿ ಇನ್ನ ಎಷ್ಟ ದಿನ ಟಕಟಕ ಬಡೀತಾಳ?" ಎಂದು ಅಂಬವ್ವ ದಿನಕ್ಕೆರಡು ಸಲ ಕೇಳುತ್ತಿದ್ದಳು.

"ಎಮ್ಮಿ ಜೋಡಿ ಲಗ್ನಾನೋ, ಮೈದುನನ ಜೋಡೀನೋ ಅತ್ತಿ?" ಎಂದು ದಾನವ್ವ ತಿರುಗಿ ಕೇಳುತ್ತಿದ್ದಳು.

ಕಡೆಗೆ ದೀಪಾವಳಿಯ ಮರುದಿನ ಶೆಟ್ಟೆಪ್ಪ ತೀರ್ಪು ಕೊಟ್ಟ.

"ಸಂಕ್ರಾಂತಿ ತನಕ ಕಾಯೂಣು. ಅಷ್ಟರಾಗ ನೌಕರಿ ಸಿಕ್ಕಿತಂದ್ರ ಲಗ್ನದ ಮಾತು ದಾನಿದು, ಯಾರೂ ನಡುವ ಬಾಯಿ ಹಾಕಂಗಿಲ್ಲ. ಸಿಗಲಿಲ್ಲ ಅಂದ್ರ ಮಾತು ನಿಂದು, ಅಕ್ಕಾ."

ಅಂದರೆ ದಾನವ್ವನ ಇಡೀ ಬಾಳು ಒಂದು ನೌಕರಿಯ ಕುರ್ಚಿಯ ಮೇಲೆ ಬಂದು ಕೂತಿತು.

ಡಿಸೆಂಬರಿನಲ್ಲಿ ವಿಕ್ರೋಳಿಯ ಒಂದು ಬಣ್ಣದ ಕಾರ್ಖಾನೆಯವರು ಟೈಪಿಸ್ಟ್ ಬೇಕೆಂದು ಜಾಹೀರಾತು ಕೊಟ್ಟರು. ಕಲಿಸಿದ ಮಾಸ್ತರರಿಂದ ಮುಚ್ಚಿದ ಲಕೋಟೆಯಲ್ಲಿ ಒಂದು ಪತ್ರ ತರಬೇಕಂತೆ.

ಚೆನ್ನಯ ಆ ಪತ್ರ ಬರೆಯಲು ಮೂರು ದಿನ ತೆಗೆದುಕೊಂಡ! ಬರೆದ, ಹರಿದ, ಮತ್ತೆ ಬರೆದ. ನಾಲ್ಕನೆಯ ದಿನ ಲಕೋಟೆ ಕೊಡುವಾಗ ಅವನ ಕಿವಿ ಕೆಂಪಾಗಿತ್ತು.

"ಏನ ಬರದೀರಿ, ಮಾಸ್ತರ?"

"ಎಲ್ಲರಿಗೂ ಬರೆಯುವ ಹಾಗೆ ಬರೆಯಲಿಲ್ಲ."

ಆ ಒಂದು ಮಾತನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಂತೆ ದಾನವ್ವ ವಿಕ್ರೋಳಿಗೆ ಹೋದಳು. ಲೋಕಲ್‌ನಲ್ಲಿ ದಾದರ್, ಕುರ್ಲಾ, ಘಾಟ್‌ಕೋಪರ್ ದಾಟಿದ್ದೇ ತಿಳಿಯಲಿಲ್ಲ.

ಕಾರ್ಖಾನೆಯ ಸಾಹೇಬರು ಲಕೋಟೆ ಒಡೆದರು. ಓದಿದರು. ಹುಬ್ಬು ಮೇಲೇರಿತು. ಮತ್ತೊಮ್ಮೆ ಓದಿದರು... ಹೊಟ್ಟೆ ಹಿಡಿದು ನಕ್ಕರು!

"ಮಿಸ್ ದಾನವ್ವ ಈಸ್ ಆನ್ ಎಗ್ರೀಜಿಯಸ್ ಟೈಪಿಸ್ಟ್. ಐ ಹ್ಯಾವ್ ನಾಟ್ ಸೀನ್ ಅನದರ್ ಲೈಕ್ ಹರ್" ಎಂದು ಕೋಣೆಯಲ್ಲಿದ್ದವರಿಗೆಲ್ಲ ಕೇಳುವಂತೆ ಓದಿದರು. "ಈ ಶಬ್ದದ ಅರ್ಥ ಗೊತ್ತೇನಮ್ಮಾ?"

ಗೊತ್ತಿರಲಿಲ್ಲ. ಆ ಶಬ್ದ ಬೋರ್ಡಿನ ಮೇಲೆ ಒಂದು ದಿನವೂ ಬಂದಿರಲಿಲ್ಲ.

ಸಾಹೇಬರು ಕಪಾಟಿನಿಂದ ಹೊಸ ಡಿಕ್ಷನರಿ ತೆಗೆದು ಅವಳ ಮುಂದೆ ತೆರೆದಿಟ್ಟರು. ದಾನವ್ವ ಬೆರಳಿಟ್ಟು ಓದಿದಳು. ಎದ್ದು ಕಾಣುವಷ್ಟು ಕೆಟ್ಟ. ನಾಚಿಕೆಗೇಡಿನ. ಹೇಸಿಗೆ ಹುಟ್ಟಿಸುವ...

ಅಕ್ಷರಗಳು ಕಣ್ಣ ಮುಂದೆ ಕಲಸಿಹೋದವು.

"ಸರ್, ನನಗೆ ಮಷೀನು ಕೊಟ್ಟು ನೋಡಿ" ಎಂದಳು, ತನಗೆ ಬಂದ ಇಂಗ್ಲಿಷಿನಲ್ಲಿ.

"ಕಲಿಸಿದವನೇ ಹೀಗೆ ಬರೆದ ಮೇಲೆ ನಾನು ನೋಡುವುದೇನು? ನೆಕ್ಸ್ಟ್!"

ತಿರುಗಿ ಬರುವ ಲೋಕಲ್‌ನಲ್ಲಿ ಅದೊಂದೇ ಮಾತು ಅವಳ ತಲೆಯಲ್ಲಿ ಗಾಲಿಯಂತೆ ಸುತ್ತಿತು. ಎಲ್ಲರಿಗೂ ಬರೆಯುವ ಹಾಗೆ ಬರೆಯಲಿಲ್ಲ... ಎಲ್ಲರಿಗೂ ಬರೆಯುವ ಹಾಗೆ ಬರೆಯಲಿಲ್ಲ...

'ಖರೆ ಹೇಳಿದಿ ಮಾಸ್ತರ! ನನ್ನ ರೊಟ್ಟಿ ತಿಂದ ಬಾಯಿಲೇ ನಕ್ಕಿ, ಆ ಕೈಲೇ ಇದನ್ನ ಬರದಿ. ನಾ ಏನ ಮಾಡಿದ್ದೆ ನಿನಗ?'

ಅವಳು ಅಳಲಿಲ್ಲ. ಉಳ್ಳಾಗಡ್ಡಿ ಹೆಚ್ಚುವಾಗ ಬಿಟ್ಟು ಬೇರೆ ಹೊತ್ತಿನಲ್ಲಿ ಅಳುವ ರೂಢಿ ಅವಳಿಗಿರಲಿಲ್ಲ. ಆದರೆ ಎದೆಯೊಳಗೆ ಏನೋ ಮುರಿದದ್ದು ಮಾತ್ರ ನಿಜ.

*

ಮರುದಿನ ಏಳಕ್ಕೆ ಭೋಂಗಾ ಕೂಗಿತು. ಚೆನ್ನಯ ಸೀಮೆಸುಣ್ಣ ಎತ್ತಿಕೊಳ್ಳುವಷ್ಟರಲ್ಲಿ ಒಂದು ಕೈ ಅದನ್ನು ಕಸಿದುಕೊಂಡಿತು.

"ಇವತ್ತಿನ ಶಬ್ದ ನಾ ಬರೀತೀನಿ. ಅರ್ಥ ನೀವು ಹೇಳ್ರಿ."

ದಾನವ್ವ ಬೋರ್ಡಿನ ತುಂಬ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಳು. ಎಗ್ರೀಜಿಯಸ್.

ಚೆನ್ನಯನ ಮುಖ ಅರಳಿತು! 'ಓ, ಪತ್ರ ಓದಿ ಹೇಳಿದ್ದಾರೆ. ನೌಕರಿ ಸಿಕ್ಕಿರಬೇಕು...' ಪಾಪ, ಅವನಿಗೇನು ಗೊತ್ತು?

"ಒಳ್ಳೆಯ ಶಬ್ದ" ಎಂದು ಶುರು ಮಾಡಿದ. "ಲ್ಯಾಟಿನಿನಲ್ಲಿ 'ಗ್ರೆಕ್ಸ್' ಅಂದರೆ ಹಿಂಡು. ಕುರಿ ಹಿಂಡು ಅಂತೇವಲ್ಲ, ಅದು. ಮುಂದಿರುವ ಈ 'ಇ' ಉಂಟಲ್ಲ, ಅದಕ್ಕೆ 'ಹೊರಗೆ' ಅಂತ ಅರ್ಥ. ಹಿಂಡಿನಿಂದ ಹೊರಗೆ ಬಂದು ನಿಂತದ್ದು. ನೂರರಲ್ಲಿ ಒಂದಾಗಿ ಕಾಣುವಂಥದ್ದು..." ಅವನ ದನಿ ಮೆತ್ತಗಾಯಿತು. ಕಣ್ಣು ಬೋರ್ಡಿನ ಮೇಲಿರಲಿಲ್ಲ, ಅವಳ ಮೇಲಿತ್ತು. "ಅಂದರೆ, ಶ್ರೇಷ್ಠ."

"ಸುಳ್ಳು!"

ಅವಳು ಸೀಮೆಸುಣ್ಣವನ್ನು ಮೇಜಿನ ಮೇಲೆ ಕುಕ್ಕಿದಳು. ಅದು ಮೂರು ತುಂಡಾಯಿತು.

"ಎದ್ದು ಕಾಣುವಷ್ಟು ಕೆಟ್ಟ! ನಾಚಿಕೆಗೇಡಿ! ಸಾಹೇಬ್ರ ಡಿಕ್ಷನರಿಯೊಳಗ ನಾನ ಬೆರಳಿಟ್ಟು ಓದೀನಿ. ಅಷ್ಟ ಮಂದಿ ಮುಂದ ಓದಿ ಓದಿ ನಕ್ಕರು. ಮಷೀನ್ ಮುಟ್ಟಾಕ ಸೈತ ಬಿಡಲಿಲ್ಲ. ನಾ ಬ್ಯಾಡಾಗಿದ್ರ ಬಾಯಿಲೆ ಹೇಳಬೇಕಿತ್ತು, ಮಾಸ್ತರ! ಮುಚ್ಚಿದ ಲಕೋಟೆಯೊಳಗ ಯಾಕ ಹೇಳಿದ್ರಿ?"

ಚೆನ್ನಯ ಬಿಳಿಚಿಕೊಂಡ.

ಮೇಜಿನ ಖಾನೆಯಿಂದ ಆ ಹಳೇ ಡಿಕ್ಷನರಿ ತೆಗೆದ. ಪುಟ ತಿರುಗಿಸಿ ಅವಳ ಮುಂದೆ ಹಿಡಿದ.

ಶಬ್ದ ಇತ್ತು. ಅದರ ಮುಂದೆ: 'ಒಂದು: ಶ್ರೇಷ್ಠ, ಎಲ್ಲರಲ್ಲಿ ಎದ್ದು ಕಾಣುವ. ಎರಡು:'

ಎರಡರ ಮುಂದೆ ಏನೂ ಇರಲಿಲ್ಲ. ಪುಟದ ಮೂಲೆ ಅರ್ಧಚಂದ್ರದ ಹಾಗೆ ಹೋಗಿತ್ತು. ಅಂಚಿನುದ್ದಕ್ಕೂ ಸಣ್ಣ ಸಣ್ಣ ಹಲ್ಲಿನ ಗುರುತು...

ಗ್ರಾಂಟ್ ರೋಡಿನ ಇಲಿ!

"ಎರಡು ಅಂತ ಇತ್ತಲ್ರೀ" ದಾನವ್ವನ ದನಿ ಒಡೆಯಿತು. "ಆ ಎರಡನೇದು ಏನಂತ ಯಾರನ್ನರ ಕೇಳಬಾರದಿತ್ತ?"

"ಒಂದನೆಯದೇ ನಿಮಗೆ ಅಷ್ಟು ಸರಿ ಹೊಂದಿತು" ಚೆನ್ನಯ ನೆಲ ನೋಡುತ್ತ ಹೇಳಿದ. "ಎರಡನೆಯದು ಬೇಕು ಅಂತ ನನಗೆ ಅನಿಸಲೇ ಇಲ್ಲ."

ಅವಳ ಸಿಟ್ಟಿನ ಅಡಿಪಾಯವೇ ಒಂದು ಕ್ಷಣ ಅಲುಗಿತು. ಆದರೆ ಸಂಕ್ರಾಂತಿಗೆ ಉಳಿದದ್ದು ಮೂರೇ ವಾರ! ಅಪ್ಪನ ತೀರ್ಪು, ಅತ್ತೆಯ ಮೈದುನ, ನಾಲ್ಕು ಎಮ್ಮೆ...

"ನಿಮ್ಮ ಇಲಿ ತಿಂದದ್ದು ಬರೇ ಅರ್ಥ ಅಲ್ರಿ, ಮಾಸ್ತರ. ನನ್ನ ನೌಕರಿ!"

"ಬೇರೆ ಪತ್ರ ಬರೆದು ಕೊಡ್ತೇನೆ. ಇಲ್ಲದಿದ್ದರೆ ನಾನೇ ಹೋಗಿ ಅವರ ಕಾಲು ಹಿಡಿಯುತ್ತೇನೆ."

"ಯಾರ ಕಾಲೂ ಹಿಡೀಬ್ಯಾಡ್ರಿ!" ಎಂದು ಅವಳು ಮೆಟ್ಟಿಲಿಳಿದು ಹೋದಳು.

ಆ ದಿನ ಸಂಗಪ್ಪ ಕೂಡ ನಗಲಿಲ್ಲ.

*

ಸಂಜೆ ಚಾಳಿನ ಪಡಸಾಲೆಯಲ್ಲಿ ಶೆಟ್ಟೆಪ್ಪ ಬಿಸಿಲಿಗೆ ಹಾಕಿದ್ದ ತನ್ನ ಕರೀ ಕಂಬಳಿ ಮಡಚುತ್ತಿದ್ದ. ದಾನವ್ವ ನಡೆದದ್ದನ್ನೆಲ್ಲ ಹೇಳಿದಳು.

ಒಳಗಿಂದ ಅಂಬವ್ವನ ದನಿ ಬಂತು. "ನಾ ಹೇಳಿರಲಿಲ್ಲೇನು? ಆ ಕಡಲ ಕಡೆ ಮಂದೀನ ನಂಬಬಾರದು. ಮೀನಿನ್ಯಾಗ ಮುಳ್ಳಿದ್ದಂಗ ಅವ್ರ ಮಾತಿನ್ಯಾಗ ಮುಳ್ಳು!"

"ಅತ್ತಿ, ಮಾಸ್ತರ ಮೋಸ ಮಾಡಿಲ್ಲ, ತಪ್ಪು ಮಾಡ್ಯಾರ" ಎಂದಳು ದಾನವ್ವ. ಹೇಳಿದ ಮೇಲೆ ತನಗೇ ಆಶ್ಚರ್ಯವಾಯಿತು. ಬೆಳಿಗ್ಗೆ ಬೈದು ಬಂದವಳು ಸಂಜೆಗೆ ಅವನ ಪರ ನಿಂತಿದ್ದಾಳೆ!

ಶೆಟ್ಟೆಪ್ಪ ಕಂಬಳಿಗೆ ಇನ್ನೊಂದು ಮಡಿಕೆ ಹಾಕಿದ. ಆಮೇಲೆ, "ಏನಂದಿ ಆ ಶಬ್ದಕ್ಕ? ಹಿಂಡು ಬಿಟ್ಟು ಹೊರಗ ನಿಂತದ್ದು?"

"ಹೂಂ ಅಪ್ಪಾ. ಒಂದ ಶಬ್ದಕ್ಕ ಎರಡು ಅರ್ಥ. ಒಂದು ಚೊಲೋದು, ಒಂದು ಕೆಟ್ಟದ್ದು. ಅದ್ಹೆಂಗ ಆಗತೈತಿ?"

"ಯಾಕ ಆಗಂಗಿಲ್ಲ? ಇಪ್ಪತ್ತು ವರ್ಷ ಕುರಿ ಕಾದೀನಿ. ಹಿಂಡು ಬಿಟ್ಟ ಕುರಿ ಎರಡು ನಮೂನಿ ಇರತೈತಿ. ಒಂದು ದಾರಿ ತಪ್ಪಿದ್ದು. ಇನ್ನೊಂದು, ಹಸರು ಎಲ್ಲೈತಂತ ಹುಡುಕ್ಕೋತ ಮುಂದ ಹೋದದ್ದು. ದೂರಿಂದ ನೋಡೂ ಮಂದಿಗೆ ಎರಡೂ ಒಂದ ಕಾಣತಾವ."

"ಮತ್ತ ನೀ ಹ್ಯಾಂಗ ಗುರತು ಹಿಡೀತಿದ್ದಿ?"

"ಹತ್ತರ ಹೋಗಿ ಕೂಗತಿದ್ದೆ. ದಾರಿ ತಪ್ಪಿದ್ದು ಒದರಿಕೋತ ಓಡಿ ಬರತೈತಿ. ಹಸರು ಸಿಕ್ಕದ್ದು ಒಮ್ಮಿ ತಲಿ ಎತ್ತಿ ನೋಡಿ ಸುಮ್ಮನ ಮೇಯತೈತಿ." ಶೆಟ್ಟೆಪ್ಪ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡ. "ಆ ಸಾಹೇಬ ದೂರಿಂದ ನೋಡ್ಯಾನ. ನೀ ಹತ್ತರ ಹೋಗು."

ದಾನವ್ವ ಎದ್ದು ನಿಂತಳು. ಈಗ ಅವಳಿಗೆ ಬೇರೆ ಪತ್ರ ಬೇಕಿರಲಿಲ್ಲ.

*

ಮರುದಿನ ಅವಳು ವಿಕ್ರೋಳಿಯ ಕಾರ್ಖಾನೆಯ ಗೇಟಿನ ಮುಂದೆ ಬಂದಾಗ ಅಲ್ಲಿ ಚೆನ್ನಯ ನಿಂತಿದ್ದ! ಇಸ್ತ್ರಿ ಮಾಡಿದ ಶರಟು, ಕಂಕುಳಲ್ಲಿ ಆ ಡಿಕ್ಷನರಿ. ಗೂರ್ಖಾ ಒಳಗೆ ಬಿಟ್ಟಿರಲಿಲ್ಲವಂತೆ.

"ನೀವ್ಯಾಕ ಬಂದ್ರಿ?"

"ತಪ್ಪು ನನ್ನದು."

"ತಪ್ಪು ನಿಮ್ಮದು, ಹೆಸರು ನಂದು. ಒಳಗ ನಾ ಹೋಗ್ತೀನಿ. ನೀವು ಸ್ಟೇಷನ್ನಿನ್ಯಾಗ ಕುಂದ್ರಿ." ಎರಡು ಹೆಜ್ಜೆ ಹೋಗಿ ತಿರುಗಿದಳು. "ಆ ಪುಸ್ತಕ ಇಲ್ಲಿ ಕೊಡ್ರಿ."

ಸಾಹೇಬರಿಗೆ ಅವಳ ಗುರುತು ಹತ್ತಿತು. "ಓ! ಎಗ್ರೀಜಿಯಸ್ ಮಿಸ್!"

"ಯೆಸ್ ಸರ್" ಎಂದಳು ದಾನವ್ವ. ಡಿಕ್ಷನರಿಯನ್ನು ಅವರ ಮುಂದೆ ತೆರೆದಿಟ್ಟಳು. ತಡವರಿಸುತ್ತ, ಆದರೆ ಒಂದೂ ಮಾತು ನುಂಗದೆ, ಹಿಂಡಿನ ಕಥೆ ಹೇಳಿದಳು, 'ಇ'ಯ ಕಥೆ ಹೇಳಿದಳು, ಇಲಿಯ ಕಥೆಯನ್ನೂ ಹೇಳಿದಳು.

ಸಾಹೇಬರು ಆ ಕಡಿದ ಮೂಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಕಥೆ ಚೆನ್ನಾಗಿದೆ. ಆದರೆ ಆ ಒಳ್ಳೆಯ ಅರ್ಥ ಸತ್ತು ಎಷ್ಟೋ ಕಾಲವಾಯಿತಮ್ಮಾ."

"ಪರೇಲಿನಲ್ಲಿ ಇನ್ನೂ ಬದುಕಿದೆ, ಸರ್!"

ಮೂಲೆಯಲ್ಲಿ ಕೂತಿದ್ದ ಮುದುಕ ಗುಮಾಸ್ತ ಕೆಮ್ಮಿದ. ಅದು ಕೆಮ್ಮೋ ನಗುವೋ, ಯಾರಿಗೂ ತಿಳಿಯಲಿಲ್ಲ.

"ನನಗೆ ಬೇರೆ ಪತ್ರ ಬೇಡ. ಇದೇ ಪತ್ರ ಇರಲಿ. ಎರಡು ಅರ್ಥದಲ್ಲಿ ನನಗೆ ಯಾವುದು ಸರಿ ಅಂತ ನೀವೇ ನೋಡಿ. ಹತ್ತು ನಿಮಿಷ ಮಷೀನು ಕೊಡಿ."

ಸಾಹೇಬರು ಅವಳನ್ನು ದಿಟ್ಟಿಸಿದರು. ಅವಳು ಕಣ್ಣು ಇಳಿಸಲಿಲ್ಲ. ಕೊನೆಗೆ ಮಷೀನಿನ ಕಡೆ ಕೈ ತೋರಿಸಿದರು. ಆಮೇಲೆ ಬೇಕೆಂದೇ ವೇಗವಾಗಿ ಹೇಳತೊಡಗಿದರು. ಬಣ್ಣದ ಡಬ್ಬಿಗಳ ಲೆಕ್ಕ, ಹಡಗಿನ ಹೆಸರು, ಉದ್ದುದ್ದ ವಿಳಾಸ... ದಾನವ್ವನ ಬೆರಳುಗಳಿಗೆ ಅದೊಂದೂ ಹೊಸದಲ್ಲ. ಕಿಟಕಿ ಪಕ್ಕದ ಮಷೀನು ಅವಳಿಗೆ ಕಲಿಸಿತ್ತು. ಆ ಮಷೀನಿನ ಎದುರು ನಿಂತು ಒಬ್ಬ ಮನುಷ್ಯ ಕಲಿಸಿದ್ದ.

ಸಾಹೇಬರು ಕೆಂಪು ಪೆನ್ಸಿಲು ಹಿಡಿದು ಕಾಗದವನ್ನು ಮೇಲಿನಿಂದ ಕೆಳಕ್ಕೆ ಹುಡುಕಿದರು. "ಇಲ್ಲಿ ಒಂದು ತಪ್ಪಿದೆ!"

"ನೀವು ಹೇಳಿದ್ದೇ ಹಾಗೆ, ಸರ್."

ಗುಮಾಸ್ತನಿಗೆ ಈ ಸಲ ಕೆಮ್ಮು ತಡೆಯಲಾಗಲಿಲ್ಲ. "ಹೌದು ಸರ್... ತಾವು ಹಾಗೇ ಹೇಳಿದಿರಿ."

ಸಾಹೇಬರು ಪೆನ್ಸಿಲು ಕೆಳಗಿಟ್ಟರು. "ಸೋಮವಾರ ಬಾ. ಮೂರು ತಿಂಗಳು ಪರೀಕ್ಷೆಗೆ. ಆದರೆ ಇಲ್ಲಿ ಎರಡು ನಿಯಮ. ಹೊತ್ತಿಗೆ ಸರಿಯಾಗಿ ಬರಬೇಕು. ಎದುರುತ್ತರ ಕೊಡಬಾರದು."

"ಹೊತ್ತಿಗೆ ಸರಿಯಾಗಿ ಬರುತ್ತೇನೆ, ಸರ್" ಎಂದಳು ದಾನವ್ವ. ಎರಡನೆಯ ನಿಯಮಕ್ಕೆ ಉತ್ತರ ಕೊಡಲೇ ಇಲ್ಲ!

*

ವಿಕ್ರೋಳಿ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಚೆನ್ನಯ ಕೂತಿದ್ದ. ಎರಡು ಲೋಕಲ್ ಹೋದವು. ಅವನು ಏಳಲಿಲ್ಲ. ಅವಳು ಬರುವುದನ್ನು ಕಂಡು ದಿಗ್ಗನೆ ಎದ್ದ.

"ಎಂತಾಯ್ತು? ಹೇಳಿ... ಬೇಗ ಹೇಳಿ, ಮಾರಾಯ್ತಿ!"

"ಸೋಮವಾರದಿಂದ."

ಚೆನ್ನಯ ಮತ್ತೆ ಬೆಂಚಿನ ಮೇಲೆ ಕುಸಿದು ಕೂತ. ಮುಖ ಒರೆಸಿಕೊಂಡ. ಬೆವರು ಒರೆಸಿದನೋ ಕಣ್ಣು ಒರೆಸಿದನೋ...

ದಾನವ್ವ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ನಡುವೆ ಡಿಕ್ಷನರಿ.

"ಒಂದು ಮಾತು ಕೇಳತೀನಿ. 'ಗುಡ್' ಅಂತ ಬರದಿದ್ರ ಸಾಕಿತ್ತಲ್ರೀ. ಮೂರು ದಿನ ಕುಂತು ಅದನ್ನ ಯಾಕ ಹುಡುಕಿದ್ರಿ?"

"ಗುಡ್ ಅಂತ ಬರೆದೆ. ಹರಿದೆ. ಎಕ್ಸಲೆಂಟ್ ಅಂತ ಬರೆದೆ, ಅದನ್ನೂ ಹರಿದೆ. ಸಂಗಪ್ಪನಿಗೂ ಅದನ್ನೇ ಬರೆದದ್ದು ನಾನು! ನಿಮಗೆ ಅಂತ ಒಂದು ಬೇಕಿತ್ತು. ಇನ್ನು ಯಾರಿಗೂ ಹೊಂದದ್ದು."

ದಾನವ್ವ ಡಿಕ್ಷನರಿಯ ಅಂಚು ಸವರಿದಳು.

"ಅದನ್ನ ಕನ್ನಡದಾಗ ಹೇಳಬಹುದಿತ್ತು."

"ಯಾವ ಕನ್ನಡದಲ್ಲಿ? ನನ್ನದಕ್ಕೆ ನೀವು ನಗ್ತೀರಿ."

"ನಗಂಗಿಲ್ಲ. ಹೇಳ್ರಿ."

ಚೆನ್ನಯ ಹಳಿಗಳ ಕಡೆ ನೋಡಿದ. ಹನ್ನೆರಡನೇ ವರ್ಷದಿಂದ ಕೂಡಿಟ್ಟ ಸಾವಿರ ಸಾವಿರ ಶಬ್ದಗಳಲ್ಲಿ ಒಂದೂ ಆ ಹೊತ್ತಿಗೆ ಒದಗಲಿಲ್ಲ.

"ನೀವು ಎರಡು ದಿನ ಆ ಕಿಟಕಿ ಹತ್ತಿರ ಇರಲಿಲ್ಲ. ನನಗೆ ಕ್ಲಾಸಿಗೆ ಹೋಗಲಿಕ್ಕೇ ಮನಸ್ಸಿಲ್ಲ... ಇಷ್ಟೇ. ಇನ್ನು ಹೇಳ್ಲಿಕ್ಕೆ ನನಗೆ ಬರುದಿಲ್ಲ, ದಾನವ್ವ."

ಮಿಸ್ ಇಲ್ಲ, ಇನ್ನೇನೂ ಇಲ್ಲ. ಬರೀ ದಾನವ್ವ. ಅವಳ ಕಣ್ಣು ತುಂಬಿ ಬಂತು. ಅಲ್ಲೆಲ್ಲೂ ಉಳ್ಳಾಗಡ್ಡಿ ಇರಲಿಲ್ಲ!

"ಇವತ್ತಿನಿಂದ ಲಗ್ನದ ಮಾತು ನಂದು" ಎಂದಳು, ದನಿ ಗಟ್ಟಿ ಮಾಡಿಕೊಂಡು. "ಅಪ್ಪ ಕೊಟ್ಟ ಮಾತೈತಿ. ಆದ್ರ ಅತ್ತಿ ಚಾಳ ಹಾರಿ ಹೋಗೂಹಂಗ ಒದರತಾಳ. ನಮ್ಮ ಮಂದಿ ಅಲ್ಲ, ನಮ್ಮ ಪೈಕಿ ಅಲ್ಲ ಅಂತಾಳ. ನಿಮ್ಮ ಮನ್ಯಾಗ?"

"ಅಮ್ಮ ಮೂರು ದಿನ ಮಾತು ಬಿಡ್ತಾರೆ. ನಾಲ್ಕನೇ ದಿನ ಮೀನು ಸಾರು ಮಾಡಿ, ಸೊಸೆ ಎಲ್ಲಿ ಅಂತ ಕೇಳ್ತಾರೆ."

"ನಾ ಮೀನ ತಿಂದಾಕಿ ಅಲ್ರಿ. ಮುಳ್ಳು ಯಾರ ತಗೀತಾರ?"

"ನಾನು ತೆಗೆದುಕೊಡ್ತೇನೆ. ಒಂದೂ ಬಿಡದೆ." ಅವನು ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟ. "ಆದರೆ ನೋಡಿ, ನಿಮ್ಮ ಹಿಂಡೂ ಬೈತದೆ, ನನ್ನ ಹಿಂಡೂ ಬೈತದೆ. ಯೋಚನೆ ಮಾಡಿ."

ದಾನವ್ವ ಡಿಕ್ಷನರಿ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಬೆಂಚಿನ ನಡುವೆ ಈಗ ಏನೂ ಇರಲಿಲ್ಲ.

"ಬೈಲಿ ಬಿಡ್ರಿ! ನನ್ನ ಹೆಸರಿನ್ಯಾಗ 'ಇ' ಇಲ್ಲಂತ ನಕ್ಕಿದ್ರಲ್ಲ ಅವತ್ತು? ಈಗ ಗಳಿಸೀನಿ. 'ಇ' ಅಂದ್ರ ಹೊರಗ. ನಾ ಹೊರಗ ಬಂದು ನಿಂತಾತು."

ದೂರದಲ್ಲಿ ಲೋಕಲ್ ಕಾಣಿಸಿತು.

"ನಾನೂ ಬಂದು ನಿಂತೆ" ಎಂದ ಚೆನ್ನಯ ಮೆಲ್ಲಗೆ. ಆಮೇಲೆ ಮಾಸ್ತರಿಕೆ ಬಿಡಲಾರದೆ, "ಇಬ್ಬರು ನಿಂತ ಮೇಲೆ ಅದೂ ಒಂದು ಹಿಂಡೇ ಆಗ್ತದೆ, ಅಲ್ವಾ?"

ದಾನವ್ವ ತಲೆ ಅಲ್ಲಾಡಿಸಿದಳು. ಕುರಿ ಕಾಯುವವನ ಮಗಳಿಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ.

"ಎರಡಕ್ಕ ಹಿಂಡು ಅನ್ನಂಗಿಲ್ರಿ, ಮಾಸ್ತರ."

"ಮತ್ತೆಂತ ಹೇಳ್ತಾರೆ?"

"ಜೋಡಿ ಅಂತಾರ."